ನೋವು ಬರಿಸಲು ಮಂಗಳವಾರ ಅಡ್ಮಿಟ್ ಆಗಬೇಕು, ತುಂಬಾ ಭಯವಾಗ್ತಿದೆ

ಪ್ರಶ್ನೆ: ನನಗೆ 27 ವರ್ಷ. ಚೊಚ್ಚಲ ಬಸಿರು, 38 ವಾರ ತುಂಬಿದೆ. ಏಳನೇ ತಿಂಗಳಲ್ಲಿ ಶುಗರ್ ಬಂತು. ಪಥ್ಯ ಮಾಡಿದರೂ ಬೆಳಗಿನ ಶುಗರ್ ಇಳಿಯಲಿಲ್ಲ. ಈಗ ರಾತ್ರಿ ಇನ್ಸುಲಿನ್ ತಗೊಳ್ತಿದ್ದೇನೆ, ಕಂಟ್ರೋಲ್‌ನಲ್ಲಿದೆ. ಸ್ಕ್ಯಾನಿಂಗ್‌ನಲ್ಲಿ ಮಗು 3.1 ಕೆಜಿ, ಎಲ್ಲಾ ಚೆನ್ನಾಗಿದೆ ಅಂದರು. ಮೊನ್ನೆ ಡಾಕ್ಟರ್, ‘ಮುಂದಿನ ಮಂಗಳವಾರ ಬಂದು ಅಡ್ಮಿಟ್ ಆಗಿ, ನೋವು ಬರಿಸೋಣ’ ಅಂದರು. ಹೊರಗೆ ಕ್ಯೂ ಇತ್ತು, ಏನೂ ಕೇಳಲು ಆಗಲಿಲ್ಲ. ಆವತ್ತಿನಿಂದ ನಿದ್ದೆ ಇಲ್ಲ. ನಮ್ಮಕ್ಕನಿಗೆ ಎರಡು ದಿನ ಹೀಗೇ ಮಾಡಿ, ಕೊನೆಗೆ ಆಪರೇಷನ್ ಮಾಡಿದರು. ಡ್ರಿಪ್ ಹಾಕಿದರೆ ನೋವು ತಡೆಯಲು ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಹಸುಗೆ ಹಾಲು ಇಳಿಯಲು ಚುಚ್ಚುವ ಇಂಜೆಕ್ಷನ್ನೇ ಅಂತೆ, ಮಗುವಿಗೆ ತೊಂದರೆ ಅಂತೆ. ಅತ್ತೆ, ‘ತಾನಾಗೇ ನೋವು ಬರಲಿ, ಕಾಯಿ’ ಅಂತಾರೆ. ಅಮ್ಮ ಹರಳೆಣ್ಣೆ ಕುಡಿ ಅಂತಾರೆ. ಒಳಪರೀಕ್ಷೆ ಅಂದರೇ ನನಗೆ ಮೈ ನಡುಗುತ್ತದೆ. ನೇರವಾಗಿ ಸಿಸೇರಿಯನ್ ಮಾಡಿಸಿಕೊಂಡು ಬಿಡಲಾ? ನನ್ನ ಭಯ ಅತಿಯಾಯಿತಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ನಿಮ್ಮ ಭಯ ಅತಿಯಾಗಿಲ್ಲ. ನಾಲ್ಕು ದಿನ ಬಿಟ್ಟು ಇಂಥ ಹೊತ್ತಿಗೆ ನಿನಗೆ ನೋವು ಶುರುವಾಗುತ್ತದೆ ಎಂದು ಹೇಳಿ, ಹೇಗೆ, ಯಾಕೆ, ಎಷ್ಟು ಹೊತ್ತು ಎಂದು ಹೇಳದೆ ಕಳಿಸಿದರೆ ಯಾರಿಗಾದರೂ ಭಯ ಆಗುತ್ತದೆ. ತಾನಾಗಿ ಬರುವ ನೋವಿಗೆ ಕಾಯುವಾಗ ಯೋಚಿಸುತ್ತಾ ಕೂರಲು ಅಷ್ಟು ಸಮಯ ಸಿಗುವುದಿಲ್ಲ. ನಿಮಗೆ ತಾರೀಖು ಕೊಟ್ಟಿದ್ದಾರೆ, ವಿವರ ಕೊಟ್ಟಿಲ್ಲ. ಆ ಖಾಲಿ ಜಾಗವನ್ನು ಅಕ್ಕನ ಕಥೆ, ಪಕ್ಕದ ಮನೆಯವರ ಕಥೆ, ಮೊಬೈಲಿನಲ್ಲಿ ಕಂಡ ವಿಡಿಯೊ ಎಲ್ಲಾ ಸೇರಿ ತುಂಬಿವೆ.

ನಿಮ್ಮ ಪತ್ರ ಮತ್ತೆ ಮತ್ತೆ ಓದಿದೆ. ಅದರಲ್ಲಿ ಭಯ ಒಂದಲ್ಲ, ನಾಲ್ಕೈದು ಇವೆ. ನೋವಿನ ಭಯ, ಆಪರೇಷನ್ ಭಯ, ಮಗುವಿಗೆ ಏನಾದರೂ ಆದೀತೆಂಬ ಭಯ, ಒಳಪರೀಕ್ಷೆಯ ಭಯ. ಇವೆಲ್ಲದರ ಅಡಿಯಲ್ಲಿ ಇನ್ನೊಂದಿದೆ: ಅಲ್ಲಿ ಮಲಗಿದ ಮೇಲೆ ನನ್ನ ಮಾತು ಯಾರೂ ಕೇಳುವುದಿಲ್ಲ ಎಂಬುದು. ಇಷ್ಟು ವರ್ಷ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿ ನನಗೆ ಅನಿಸಿರುವುದು ಇಷ್ಟು: ಹೆಂಗಸರನ್ನು ಹೆಚ್ಚು ಕಾಡುವುದು ನೋವಿಗಿಂತ ಈ ಕೊನೆಯ ಭಯವೇ. ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡರೆ ಏನೂ ಮಾಡಲು ಆಗುವುದಿಲ್ಲ. ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು, ನಿಮಗೇ ಯಾಕೆ, 39 ವಾರಕ್ಕೇ ಯಾಕೆ? ನಿಮ್ಮ ದೇಹ ‘ಫೇಲ್’ ಆಗಿದೆ ಅಂತಲ್ಲ. ಬಸಿರಿನಲ್ಲಿ ಸಕ್ಕರೆ ಬಂದಾಗ ಕೊನೆಯ ವಾರಗಳಲ್ಲಿ ಎರಡು ಚಿಂತೆ ಇರುತ್ತವೆ. ಒಂದು, ಮಗು ದಪ್ಪವಾಗುತ್ತಾ ಹೋಗುವುದು. ಅದರಲ್ಲೂ ಭುಜ ಮತ್ತು ಹೊಟ್ಟೆಯ ಭಾಗ ತುಂಬಿಕೊಂಡು, ತಲೆ ಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಇನ್ನೊಂದು, ಹೇಳಲು ಕಷ್ಟವಾದದ್ದು. ದಿನ ಮುಂದೆ ಹೋದಂತೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಾಧ್ಯತೆ ಸ್ವಲ್ಪ ಏರುತ್ತದೆ. ನಿಮ್ಮಂತೆ ಸಕ್ಕರೆ ಹಿಡಿತದಲ್ಲಿರುವವರಲ್ಲಿ ಅದು ತೀರಾ ಅಪರೂಪ. ಆದರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾವು ತಾರೀಖು ಕೊಡುವುದು. ಹಾಗಂತ ಬೇಗ ಮಾಡಿದರೆ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ 39. ಇನ್ಸುಲಿನ್ ಅಥವಾ ಮಾತ್ರೆಯಿಂದ ಸಕ್ಕರೆ ಹಿಡಿತದಲ್ಲಿರುವವರಿಗೆ 39 ವಾರ ತುಂಬಿದ ಮೇಲೆ, 40 ತುಂಬುವುದರೊಳಗೆ ಹೆರಿಗೆ ಆಗಲಿ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ಬ್ರಿಟನ್ನಿನ ಸೂಚನೆ ಸ್ವಲ್ಪ ಸಡಿಲ, 40 ವಾರ 6 ದಿನ ದಾಟಬೇಡಿ ಎನ್ನುತ್ತದೆ. ನಿಮ್ಮ ಡಾಕ್ಟರ್ ಕೊಟ್ಟ ತಾರೀಖು ಈ ಲೆಕ್ಕದೊಳಗೇ ಇದೆ. ಸುಮ್ನೆ ಕೊಟ್ಟದ್ದಲ್ಲ.

ಆದರೆ ‘ದುಡ್ಡಿಗಾಗಿ ಮಾಡ್ತಾರೆ’ ಎಂದು ಎಷ್ಟೋ ಜನ ಪಡುವ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ದೇಶದ ಸರಾಸರಿ 21.5. ಜನ ಅನುಮಾನಪಟ್ಟರೆ ತಪ್ಪೇನಿದೆ? ಅನುಮಾನ ಕಳೆಯಲು ದಾರಿ ಒಂದೇ. ‘ನನಗೆ ಯಾಕೆ ಬೇಕು? ಇನ್ನು ನಾಲ್ಕು ದಿನ ಕಾದರೆ ಏನಾಗುತ್ತದೆ?’ ಎಂದು ನೇರವಾಗಿ ಕೇಳಿ. ನಿಮ್ಮ ತಾಯಿ ಕಾರ್ಡ್‌ನಲ್ಲೋ ಫೈಲ್‌ನಲ್ಲೋ ಕಾರಣ ಬರೆದಿರಬೇಕು.

ಈಗ ಅಕ್ಕನ ಕಥೆ. ಎರಡು ದಿನ ನೋವು ಬರಿಸಿ ಕೊನೆಗೆ ಆಪರೇಷನ್ ಆಯಿತು ಎಂದರೆ ಸಂಕಟವೇ. ಅದನ್ನು ಕಣ್ಣಾರೆ ನೋಡಿದ ನಿಮಗೆ ಹೆದರಿಕೆ ಆಗದಿದ್ದರೆ ಆಶ್ಚರ್ಯ. ಆದರೆ ಅಕ್ಕನ ಡಿಸ್ಚಾರ್ಜ್ ಸಮ್ಮರಿ ತರಿಸಿ ನೋಡಿ. ಆಪರೇಷನ್‌ಗೆ ಕಾರಣ ಏನೆಂದು ಬರೆದಿದ್ದಾರೆ? ಮಗುವಿನ ಹಾರ್ಟ್‌ಬೀಟ್ ಇಳಿಯಿತಾ, ಗರ್ಭಕೋಶದ ಬಾಯಿ ತೆರೆಯಲೇ ಇಲ್ಲವಾ, ಮಗುವಿನ ತಲೆ ಓರೆಯಾಗಿತ್ತಾ? ಅದು ಅಕ್ಕನ ಆ ಬಸಿರಿನ ಕಾರಣ. ನಿಮ್ಮದೂ ಅದೇ ಆಗಬೇಕೆಂದಿಲ್ಲ. ಆ ಹಾಳೆಯನ್ನು ನಿಮ್ಮ ಡಾಕ್ಟರಿಗೂ ತೋರಿಸಿ.

‘ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ’ ಎಂಬ ಮಾತು ಎಲ್ಲಿಂದ ಬಂತು ಅಂದರೆ, ಹಳೆಯ ಅಧ್ಯಯನಗಳಿಂದ ಮತ್ತು ನಮ್ಮ ಕಣ್ಣಳತೆಯಿಂದ. ನೋವು ಬರಿಸಿದವರನ್ನು ತಾನಾಗಿ ನೋವು ಬಂದವರ ಜತೆ ಹೋಲಿಸುತ್ತಿದ್ದರು. ಇದು ಸರಿಯಾದ ಹೋಲಿಕೆ ಅಲ್ಲ. ತಾರೀಖು ಕೊಟ್ಟ ದಿನ ನಿಮ್ಮ ಮುಂದೆ ಇರುವ ಆಯ್ಕೆ ‘ಈಗ ತಾನಾಗಿ ನೋವು ಬರಲಿ’ ಎಂಬುದಲ್ಲ, ಅದು ಯಾರ ಕೈಯಲ್ಲೂ ಇಲ್ಲ. ಆಯ್ಕೆ ಇರುವುದು ಈಗ ಬರಿಸುವುದು ಅಥವಾ ಕಾಯುವುದು. ಕಾದವರಲ್ಲಿ ಕೆಲವರಿಗೆ ಬಿಪಿ ಏರುತ್ತದೆ, ಕೆಲವರಿಗೆ ಮಗುವಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ, ಕೆಲವರಿಗೆ ಕೊನೆಗೂ ನೋವು ಬರಿಸಲೇಬೇಕಾಗುತ್ತದೆ. 2018ರಲ್ಲಿ ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲ ಬಸುರಿಯರನ್ನು ಹೀಗೆ ಸರಿಯಾಗಿ ಹೋಲಿಸಿದ ಅರೈವ್ ಅಧ್ಯಯನ ಬಂತು. 39 ವಾರಕ್ಕೆ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2. ಅಂದರೆ ಸ್ವಲ್ಪ ಕಡಿಮೆಯೇ. ಇದನ್ನು ಹಾಗೇ ಎತ್ತಿ ನಿಮಗೆ ಅನ್ವಯಿಸುವುದಿಲ್ಲ. ಅವರಾರಿಗೂ ಸಕ್ಕರೆಯಂಥ ತೊಂದರೆ ಇರಲಿಲ್ಲ, ಅಲ್ಲಿನ ಆಸ್ಪತ್ರೆಗಳು ತಾಳ್ಮೆಯಿಂದ ಕಾಯುವ ನಿಯಮ ಇಟ್ಟುಕೊಂಡಿದ್ದವು. ಆದರೆ ನೋವು ಬರಿಸುವುದೇ ಆಪರೇಷನ್‌ಗೆ ಕಾರಣ ಎಂಬ ಮಾತು ನಿಲ್ಲುವುದಿಲ್ಲ ಎಂಬುದಂತೂ ಅದರಿಂದ ಗೊತ್ತಾಯಿತು.

ಹಾಗಾದರೆ ನಿಜವಾಗಿ ಯಾವುದು ನಿರ್ಧರಿಸುತ್ತದೆ? ಹೆಚ್ಚಿನ ಮಟ್ಟಿಗೆ ಗರ್ಭಕೋಶದ ಬಾಯಿ. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿ, ಆಮೇಲೆ ತುಟಿ ಮುಟ್ಟಿ ನೋಡಿ. ಬಾಯಿ ಮೂಗಿನ ತುದಿಯಷ್ಟು ಗಟ್ಟಿ ಇದ್ದರೆ ಇನ್ನೂ ಹಣ್ಣಾಗಿಲ್ಲ ಎಂದರ್ಥ, ತುಟಿಯಷ್ಟು ಮೆತ್ತಗಾಗಿದ್ದರೆ ಸಿದ್ಧವಾಗಿದೆ. ಎಷ್ಟು ಮೆತ್ತಗಿದೆ, ಎಷ್ಟು ತೆಳುವಾಗಿದೆ, ಎಷ್ಟು ತೆರೆದಿದೆ, ಹಿಂದಕ್ಕಿದೆಯೋ ಮುಂದಕ್ಕಿದೆಯೋ, ಮಗುವಿನ ತಲೆ ಎಷ್ಟು ಕೆಳಗೆ ಬಂದಿದೆ ಎಂಬ ಐದು ಸಂಗತಿಗೆ ಅಂಕ ಕೊಡುತ್ತಾರೆ. 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ವೈದ್ಯರು ಮಾಡಿಟ್ಟ ಪಟ್ಟಿ ಇದು, ಇವತ್ತಿಗೂ ಬಿಷಪ್ ಸ್ಕೋರ್ ಎಂದೇ ಹೆಸರು. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಬಾಯಿಯನ್ನು ಹಣ್ಣು ಮಾಡಬೇಕು, ಆಮೇಲೆ ನೋವಿನ ಡ್ರಿಪ್. ಮಂಗಳವಾರ ಹೋದಾಗ ‘ನನ್ನ ಸ್ಕೋರ್ ಎಷ್ಟು?’ ಎಂದು ಕೇಳಿ. ಕಡಿಮೆ ಇದ್ದರೆ ಹೆದರಬೇಡಿ, ಸಮಯ ಜಾಸ್ತಿ ಹಿಡಿಯುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಷ್ಟೆ.

ಈ ಸಮಯದ ವಿಷಯ ಸರಿಯಾಗಿ ತಿಳಿದಿರಲಿ, ಯಾಕಂದ್ರೆ ಮನೆಯವರು ಕಂಗೆಡುವುದು ಇಲ್ಲೇ. ಬೆಳಿಗ್ಗೆ ಅಡ್ಮಿಟ್ ಆದರೆ ಸಂಜೆಗೆ ಮಗು ಎಂದುಕೊಂಡು ಎಲ್ಲರೂ ಬಂದಿರುತ್ತಾರೆ. ಚೊಚ್ಚಲದಲ್ಲಿ, ಅದೂ ಬಾಯಿ ಹಣ್ಣಾಗದಿದ್ದಾಗ, ಶುರು ಮಾಡಿದ್ದರಿಂದ ಹೆರಿಗೆವರೆಗೆ ಒಂದೂವರೆ ಎರಡು ದಿನ ಆಗುವುದು ಸಹಜ. ಅದು ‘ಫೇಲ್’ ಅಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ, ನೀರು ಒಡೆದು ಡ್ರಿಪ್ ಶುರುವಾದ ಮೇಲೆ ಕನಿಷ್ಠ 12ರಿಂದ 18 ಗಂಟೆಯಾದರೂ ಕಾದು ನೋಡದೆ ‘ಆಗಲಿಲ್ಲ’ ಎನ್ನಬಾರದು ಎಂಬುದು ಈಗಿನ ವೈದ್ಯಕೀಯ ತಿಳಿವಳಿಕೆ. ಎರಡನೇ ಬೆಳಿಗ್ಗೆ ಅತ್ತೆ, ಅಮ್ಮ, ಗಂಡ ಎಲ್ಲರೂ ಬಾಗಿಲಲ್ಲಿ ನಿಂತು ‘ಇನ್ನೂ ಆಗಲಿಲ್ವಾ, ಆಪರೇಷನ್ ಮಾಡಿಬಿಡಿ’ ಎಂದು ಒತ್ತಾಯ ಮಾಡುವುದನ್ನು ನಾನು ತುಂಬಾ ನೋಡಿದ್ದೇನೆ. ಆ ಒತ್ತಡಕ್ಕೇ ಎಷ್ಟೋ ಸಿಸೇರಿಯನ್ ಆಗಿಹೋಗುತ್ತವೆ. ಅದಕ್ಕೇ ಈಗಲೇ ಮನೆಯಲ್ಲಿ ಹೇಳಿಬಿಡಿ: ಬುಧವಾರ ರಾತ್ರಿಯೋ ಗುರುವಾರವೋ ಆಗಬಹುದು, ಗಂಟೆಗೊಮ್ಮೆ ಫೋನ್ ಮಾಡಬೇಡಿ.

ಅಲ್ಲಿ ಏನೇನು ನಡೆಯುತ್ತದೆ ಎಂದು ಹೇಳುತ್ತೇನೆ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಹಾರ್ಟ್‌ಬೀಟ್‌ಗೆ, ಒಂದು ಗರ್ಭಕೋಶ ಬಿಗಿಯುವುದನ್ನು ಅಳೆಯಲು. ಕುದುರೆ ಓಡಿದ ಹಾಗೆ ಸದ್ದು ಬರುತ್ತದೆ, ಅದು ನಿಮ್ಮ ಮಗುವಿನದು. ನೀವು ಮಗ್ಗುಲು ಬದಲಿಸಿದಾಗ ಸದ್ದು ತಪ್ಪಿಹೋಗಬಹುದು. ಬೆಲ್ಟ್ ಜಾರಿರುತ್ತದೆ, ಗಾಬರಿ ಬೇಡ, ಸಿಸ್ಟರ್‌ನ ಕರೆಯಿರಿ. ಇಪ್ಪತ್ತು ನಿಮಿಷ ಅದು ಸರಿಯಾಗಿ ಬಂದ ಮೇಲೆ ಒಳಪರೀಕ್ಷೆ, ಆಮೇಲೆ ಬಾಯಿ ಹಣ್ಣು ಮಾಡುವ ಕೆಲಸ.

ಅದಕ್ಕೆ ನಮ್ಮಲ್ಲಿ ಮೂರು ದಾರಿ ಬಳಕೆಯಲ್ಲಿವೆ. ಒಂದು ಜೆಲ್. ಡೈನೊಪ್ರೊಸ್ಟೋನ್ ಎಂಬ ಔಷಧಿ, ಸಿರಿಂಜಿನಿಂದ ಗರ್ಭಕೋಶದ ಬಾಯಿಯೊಳಗೆ ಇಡುತ್ತಾರೆ. ಇಟ್ಟ ಮೇಲೆ ಅರ್ಧ ಗಂಟೆ ಮಲಗಿರಬೇಕು. ಆರು ಗಂಟೆ ಬಿಟ್ಟು ನೋಡಿ, ಬೇಕಿದ್ದರೆ ಮತ್ತೊಮ್ಮೆ. ಎರಡನೆಯದು ಮಿಸೊಪ್ರೊಸ್ಟಾಲ್ ಮಾತ್ರೆ, 25 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಎರಡು ಗಂಟೆಗೊಮ್ಮೆ ಬಾಯಲ್ಲಿ ನುಂಗಿಸಿ ಎನ್ನುತ್ತದೆ. ನಮ್ಮ ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಇದ್ದ 602 ಬಸುರಿಯರ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ 24 ಗಂಟೆಯೊಳಗೆ ನಾರ್ಮಲ್ ಹೆರಿಗೆ ಆದವರು ಬಲೂನ್ ಹಾಕಿದವರಿಗಿಂತ ಈ ಮಾತ್ರೆ ನುಂಗಿದವರಲ್ಲಿ ಹೆಚ್ಚಿದ್ದರು. ಅಗ್ಗದ ಮಾತ್ರೆ, ಫ್ರಿಜ್ ಬೇಡ. ಆದರೆ ಮೊದಲೇ ಸಿಸೇರಿಯನ್ ಆಗಿರುವವರಿಗೆ ಇದನ್ನು ಕೊಡಬಾರದು, ಹಳೆಯ ಹೊಲಿಗೆ ಬಿಡುವ ಅಪಾಯ ಇದೆ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಅಂಥವರಿದ್ದರೆ ಗಮನಿಸಿ.

ಮೂರನೆಯದು ಬಲೂನ್, ಅಂದರೆ ಫೋಲಿ ಕ್ಯಾತಿಟರ್. ಮೂತ್ರಕ್ಕೆ ಹಾಕುವ ಅದೇ ರಬ್ಬರ್ ನಳಿಕೆ. ಬಾಯಿಯ ಒಳಗೆ ದಾಟಿಸಿ ತುದಿಯ ಬಲೂನಿಗೆ ಶುದ್ಧ ನೀರು ತುಂಬುತ್ತಾರೆ. ನಳಿಕೆಯ ಹೊರತುದಿಯನ್ನು ತೊಡೆಗೆ ಟೇಪ್ ಹಾಕಿ ಅಂಟಿಸುತ್ತಾರೆ. ಹಾಕುವಾಗ ಎರಡು ಮೂರು ನಿಮಿಷ ಮುಟ್ಟಿನ ಹೊಟ್ಟೆನೋವಿನಂಥ ಸೆಳೆತ ಇರುತ್ತದೆ. ಆಮೇಲೆ ಎದ್ದು ಓಡಾಡಬಹುದು, ಊಟ ಮಾಡಬಹುದು. ಬಾಯಿ ಮೂರು ಸೆಂಟಿಮೀಟರಿನಷ್ಟು ತೆರೆದಾಗ ಅದು ತಾನೇ ಜಾರಿ ಬಿದ್ದುಹೋಗುತ್ತದೆ, ಎಷ್ಟೋ ಸಲ ಟಾಯ್ಲೆಟ್‌ನಲ್ಲಿ. ಇದು ಮೊದಲೇ ಗೊತ್ತಿಲ್ಲದೆ ‘ಏನೋ ಬಿದ್ದುಹೋಯ್ತು’ ಎಂದು ಕಿರುಚಿಕೊಂಡು ಬಂದವರನ್ನು ಸಮಾಧಾನ ಮಾಡಿದ್ದೇನೆ. ಬಿದ್ದರೆ ಒಳ್ಳೆಯದೇ, ಕೆಲಸ ಮುಗಿಯಿತು ಎಂದರ್ಥ. ಇದರಲ್ಲಿ ಔಷಧಿ ಇಲ್ಲದ ಕಾರಣ ಗರ್ಭಕೋಶ ಅತಿಯಾಗಿ ಬಿಗಿಯುವ ಸಾಧ್ಯತೆ ಕಡಿಮೆ.

ಬಾಯಿ ಸಿದ್ಧವಾದ ಮೇಲೆ ನೀರಿನ ಚೀಲ ಒಡೆಯುತ್ತಾರೆ. ಬೆಚ್ಚಗೆ ನೀರು ಹರಿಯುತ್ತದೆ, ಚೀಲಕ್ಕೆ ನರ ಇಲ್ಲ, ಒಡೆಯುವುದು ನೋಯುವುದಿಲ್ಲ. ಮಗುವಿನ ತಲೆ ತೀರಾ ಮೇಲಿದ್ದಾಗ ಒಡೆಯಬಾರದು. ಹೊಕ್ಕುಳಬಳ್ಳಿ ಮುಂದೆ ಜಾರಿ ಬರುವ ಅಪಾಯ ಇರುವುದರಿಂದ ಅದನ್ನು ನೋಡಿಕೊಂಡೇ ಮಾಡುತ್ತಾರೆ. ಆಮೇಲೆ ಡ್ರಿಪ್.

ಡ್ರಿಪ್‌ನಲ್ಲಿ ಇರುವುದು ಆಕ್ಸಿಟೋಸಿನ್. ಹೌದು, ಹಸು ಎಮ್ಮೆಗಳಿಗೆ ಹಾಲು ಇಳಿಸಲು ಕದ್ದುಮುಚ್ಚಿ ಚುಚ್ಚುವುದೂ ಇದನ್ನೇ. ನೀವು ಕೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಆಕ್ಸಿಟೋಸಿನ್ ನಿಮ್ಮ ಮಿದುಳೇ ಮಾಡುವ ಹಾರ್ಮೋನು. ತಾನಾಗಿ ನೋವು ಬಂದವರಲ್ಲೂ ಗರ್ಭಕೋಶ ಬಿಗಿಯುವುದು ಅದರಿಂದಲೇ, ನಾಳೆ ಮಗು ಚೀಪಿದಾಗ ಎದೆಹಾಲು ಇಳಿಯುವುದೂ ಅದರಿಂದಲೇ. ಪ್ರಯೋಗಶಾಲೆಯಲ್ಲಿ ಅದನ್ನು ಹಾಗೇ ತಯಾರಿಸಿದ್ದು ವಿನ್ಸೆಂಟ್ ಡು ವಿನ್ಯೋ ಎಂಬ ವಿಜ್ಞಾನಿ. ಅದಕ್ಕೆ 1955ರಲ್ಲಿ ನೊಬೆಲ್ ಬಹುಮಾನ ಬಂತು. ದನಗಳಿಗೆ ದುರುಪಯೋಗ ಆಗುತ್ತಿದೆ ಎಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಿ ಮಾರುವುದನ್ನೇ ನಿಲ್ಲಿಸಲು ಹೊರಟಿತ್ತು. ದೇಶಕ್ಕೆಲ್ಲಾ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಪೂರೈಸಲಿ ಎಂಬ ಆದೇಶ ಅದು. ದೆಹಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಹೆರಿಗೆ ನಂತರದ ರಕ್ತಸ್ರಾವ ನಿಲ್ಲಿಸಿ ತಾಯಂದಿರ ಜೀವ ಉಳಿಸುವ ಔಷಧಿಯೂ ಇದೇ, ಅದಕ್ಕೆ ಕೊರತೆ ಆದರೆ ಗತಿಯೇನು ಎಂಬುದು ಆಗ ದೊಡ್ಡ ಚಿಂತೆಯಾಗಿತ್ತು. ಇಷ್ಟು ಯಾಕೆ ಹೇಳಿದೆ ಅಂದರೆ, ಅದು ದನದ ಔಷಧಿ ಅಲ್ಲ. ನಿಮ್ಮ ಮೈಯ ಔಷಧಿಯನ್ನೇ ದನಕ್ಕೆ ದುರ್ಬಳಕೆ ಮಾಡಿದ್ದು.

ಅಪಾಯ ಇರುವುದು ಪ್ರಮಾಣದಲ್ಲಿ. ಹನಿ ಹನಿಯಾಗಿ ಶುರು ಮಾಡಿ, ಸುಮಾರು ಅರ್ಧ ಗಂಟೆಗೊಮ್ಮೆ ನೋಡಿಕೊಂಡು ಏರಿಸಬೇಕು. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬಂದರೆ ಸಾಕು. ಐದಕ್ಕಿಂತ ಜಾಸ್ತಿ ಬರತೊಡಗಿದರೆ ಗರ್ಭಕೋಶಕ್ಕೆ ಬಿಡುವು ಸಿಗುವುದಿಲ್ಲ, ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಡ್ರಿಪ್ ನಿಲ್ಲಿಸಿ, ಎಡ ಮಗ್ಗುಲಿಗೆ ಮಲಗಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಡ್ರಿಪ್‌ನ ಒಳ್ಳೆಯ ಗುಣ ಇದು, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಅದಕ್ಕೇ ಡ್ರಿಪ್ ಹಾಕಿದ ಮೇಲೆ ಮಗುವಿನ ಹಾರ್ಟ್‌ಬೀಟ್ ನೋಡುತ್ತಲೇ ಇರಬೇಕು. ನೋವು ಒಂದರ ಹಿಂದೆ ಒಂದು, ನಡುವೆ ಬಿಡುವೇ ಇಲ್ಲ ಎನಿಸಿದರೆ ತಡಮಾಡದೆ ಸಿಸ್ಟರ್‌ಗೆ ಹೇಳಿ. ‘ಸುಮ್ನೆ ಇರಮ್ಮ, ನೋವು ಅಂದ್ರೆ ಹಾಗೇ’ ಎಂದರೆ ಮತ್ತೆ ಹೇಳಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಸುದ್ದಿ ಬಂದ ಮೇಲೆ ಡ್ರಿಪ್ ಎಂದರೇ ಹೆದರುವವರು ಹೆಚ್ಚಾಗಿದ್ದಾರೆ. ನಿಮ್ಮ ಮನಸ್ಸಿನಲ್ಲೂ ಅದು ಇರಬಹುದು. ಅವರು ಸಿಸೇರಿಯನ್ ಆದವರು. ಅಲ್ಲಿ ಅನುಮಾನಕ್ಕೆ ಬಂದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಗುಣಮಟ್ಟ, ಆ ಕಂಪನಿಯ ದ್ರವದ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ನೋವು ಬರಿಸುವ ಔಷಧಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನೋವು. ಇಲ್ಲಿ ಸಿಹಿ ಮಾತು ಹೇಳಿ ಕಳಿಸುವುದಿಲ್ಲ. ಬರಿಸಿದ ನೋವು ತಾನಾಗಿ ಬಂದದ್ದಕ್ಕಿಂತ ಜಾಸ್ತಿ ಅನಿಸಬಹುದು, ಇದು ನಿಜ. ತಾನಾಗಿ ಬಂದಾಗ ನೋವು ನಿಧಾನವಾಗಿ ಏರುತ್ತದೆ, ಮೈ ಮನಸ್ಸು ಒಗ್ಗಿಕೊಳ್ಳುತ್ತವೆ. ಡ್ರಿಪ್‌ನಲ್ಲಿ ಆ ಏರಿಕೆ ಬೇಗ. ಜತೆಗೆ ಮನೆಯಲ್ಲಿ ಓಡಾಡಿಕೊಂಡು ಕಳೆಯಬಹುದಾದ ಮೊದಲ ಗಂಟೆಗಳನ್ನೂ ಆಸ್ಪತ್ರೆಯ ಹಾಸಿಗೆಯ ಮೇಲೆ ಕಳೆಯಬೇಕು. ಹಾಗಾಗಿ ನೋವು ತಡೆಯುವ ಏರ್ಪಾಡನ್ನು ಮಂಗಳವಾರದ ಮೊದಲೇ ಮಾತಾಡಿಕೊಳ್ಳಿ. ಎಪಿಡ್ಯೂರಲ್ ಸಿಗುತ್ತದೆಯಾ? ರಾತ್ರಿ ಎರಡು ಗಂಟೆಗೂ ಅರಿವಳಿಕೆ ಡಾಕ್ಟರ್ ಇರುತ್ತಾರಾ? ಖರ್ಚೆಷ್ಟು? ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಔಷಧಿ ಕೊಡುವ ಈ ವಿಧಾನ ಎಲ್ಲಕ್ಕಿಂತ ಚೆನ್ನಾಗಿ ನೋವು ಇಳಿಸುತ್ತದೆ. ಅದರಿಂದ ಸಿಸೇರಿಯನ್ ಹೆಚ್ಚುವುದಿಲ್ಲ, ಜೀವನವಿಡೀ ಬೆನ್ನುನೋವು ಬರುತ್ತದೆ ಎಂಬುದೂ ಸುಳ್ಳು. ಬಿಪಿ ಸ್ವಲ್ಪ ಇಳಿಯಬಹುದು, ಮುಕ್ಕುವ ಹಂತ ಸ್ವಲ್ಪ ಉದ್ದ ಆಗಬಹುದು, ಕೆಲವೇ ಮಂದಿಗೆ ಆಮೇಲೆ ಜೋರಾದ ತಲೆನೋವು ಬರುತ್ತದೆ. ಎಪಿಡ್ಯೂರಲ್ ಸಿಗದ ಆಸ್ಪತ್ರೆಗಳೇ ನಮ್ಮಲ್ಲಿ ಜಾಸ್ತಿ. ಅಲ್ಲಿ ಇಂಜೆಕ್ಷನ್ ಇದೆ. ಮಂಪರು ಬರುತ್ತದೆ, ನೋವು ಪೂರ್ತಿ ಹೋಗುವುದಿಲ್ಲ. ನಡೆದಾಡುವುದು, ಸೊಂಟಕ್ಕೆ ಬಿಸಿನೀರಿನ ಚೀಲ, ಯಾರಾದರೂ ಬೆನ್ನ ಕೆಳಗೆ ಅಂಗೈಯಿಂದ ಒತ್ತಿ ಹಿಡಿಯುವುದು, ಇವೂ ಕೆಲಸ ಮಾಡುತ್ತವೆ. ‘ಹಿಂದಿನವರೆಲ್ಲಾ ಸುಮ್ನೆ ಹೆರಲಿಲ್ವಾ’ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ನೋವಿಗೆ ಔಷಧಿ ಕೇಳುವುದು ತಪ್ಪಲ್ಲ.

ಜತೆಗೆ ಯಾರಿರುತ್ತಾರೆ ಎಂಬುದು ನಾನು ತುಂಬಾ ಒತ್ತಿ ಹೇಳುವ ವಿಷಯ. ಹೆರಿಗೆ ಹೊತ್ತಿನಲ್ಲಿ ಬಿಡದೆ ಜತೆಗೆ ಒಬ್ಬರಿದ್ದರೆ ನೋವಿನ ಔಷಧಿ ಕಡಿಮೆ ಸಾಕು, ನಾರ್ಮಲ್ ಹೆರಿಗೆ ಸಾಧ್ಯತೆಯೂ ಹೆಚ್ಚು. ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸಲು 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲೂ ಬಸುರಿಗೆ ಬೇಕಾದವರು ಜತೆಗಿರಲು ಅವಕಾಶ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಒಬ್ಬರನ್ನು ಬಿಡುತ್ತಾರಾ, ಗಂಡನನ್ನು ಬಿಡುತ್ತಾರಾ ಕೇಳಿ. ಯಾರು ಬರಬೇಕು ಎಂಬುದನ್ನು ನೀವೇ ಆರಿಸಿ. ನೀವು ನೋವು ತಿನ್ನುವುದನ್ನು ನೋಡಿ ಅಳುತ್ತಾ ಕೂರುವವರು ಬೇಡ. ಅಮ್ಮ ಅಂಥವರಾದರೆ ಅಮ್ಮನಿಗೆ ಮನೆಯಲ್ಲಿ ಬಾಣಂತನದ ತಯಾರಿ ಕೊಡಿ, ಚಿಕ್ಕಮ್ಮನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಯಾರಿಗೂ ಬೇಜಾರಾಗಬಾರದು ಎಂದು ಯೋಚಿಸುವ ಹೊತ್ತಲ್ಲ ಇದು.

ಒಳಪರೀಕ್ಷೆಯ ಭಯವನ್ನು ಎಷ್ಟೋ ಜನ ಹೇಳಿಕೊಳ್ಳುವುದೇ ಇಲ್ಲ. ನೀವು ಬರೆದದ್ದು ಒಳ್ಳೆಯದಾಯಿತು. ನೋವು ಜೋರಾದ ಮೇಲೆ ನಾಲ್ಕು ಗಂಟೆಗೊಮ್ಮೆ ಪರೀಕ್ಷೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಂದವರೆಲ್ಲಾ ಒಮ್ಮೊಮ್ಮೆ ನೋಡಬೇಕಿಲ್ಲ. ಅಡ್ಮಿಟ್ ಆಗುವಾಗಲೇ ಡ್ಯೂಟಿ ಡಾಕ್ಟರಿಗೆ ಒಂದು ಮಾತು ಹೇಳಿ: ‘ನನಗೆ ಇದು ತುಂಬಾ ಭಯ. ಮುಟ್ಟುವ ಮೊದಲು ಹೇಳಿ. ನಿಲ್ಲಿಸಿ ಅಂದರೆ ನಿಲ್ಲಿಸಿ.’ ಹೀಗೆ ಹೇಳಿದವರಿಗೆ ನಮ್ಮ ಕೈಯೂ ತಾನಾಗಿ ನಿಧಾನವಾಗುತ್ತದೆ. ಪರೀಕ್ಷೆ ಹೊತ್ತಿನಲ್ಲಿ ಸೊಂಟ ಎತ್ತಬೇಡಿ, ಪಾದ ಜೋಡಿಸಿ ಮಂಡಿ ಎರಡೂ ಬದಿಗೆ ಸಡಿಲ ಬಿಡಿ. ಬಾಯಿ ತೆರೆದು ಉದ್ದಕ್ಕೆ ಉಸಿರು ಬಿಡಿ. ಹಲ್ಲು ಕಚ್ಚಿದರೆ ಕೆಳಗೂ ಬಿಗಿಯುತ್ತದೆ. ಹಿಂದೆ ಯಾರಾದರೂ ನಿಮಗೆ ಕೆಟ್ಟದಾಗಿ ನಡೆದುಕೊಂಡಿದ್ದರೆ, ಆ ಭಯ ಅಲ್ಲಿಂದ ಬಂದದ್ದಾದರೆ, ವಿವರ ಹೇಳಬೇಕಿಲ್ಲ. ‘ಹಿಂದೆ ಕೆಟ್ಟ ಅನುಭವ ಆಗಿದೆ’ ಎಂದರೆ ಸಾಕು. ಅರ್ಥವಾಗುತ್ತದೆ.

ಅತ್ತೆ ಹೇಳುವ ‘ಕಾಯಿ’ ಎಂಬ ಮಾತಿನಲ್ಲಿ ಪ್ರೀತಿ ಇದೆ, ಅದು ಪೂರ್ತಿ ತಪ್ಪೂ ಅಲ್ಲ. ಸಕ್ಕರೆ, ಬಿಪಿ ಏನೂ ಇಲ್ಲದವರಿಗೆ 41 ವಾರದವರೆಗೆ ಕಾಯಬಹುದು. ನಿಮಗೆ ಮೂರು ನಾಲ್ಕು ದಿನ ಮುಂದೂಡುವ ಮಾತಿಗೆ ಜಾಗ ಇದೆ. ಸಕ್ಕರೆ ಹಿಡಿತದಲ್ಲಿದ್ದು, ಮಗು ಚೆನ್ನಾಗಿ ಮಿಸುಕುತ್ತಿದ್ದು, ಎನ್‌ಎಸ್‌ಟಿ (ಬೆಲ್ಟ್ ಕಟ್ಟಿ ಮಗುವಿನ ಹಾರ್ಟ್‌ಬೀಟ್ ನೋಡುವ ಪರೀಕ್ಷೆ) ಸರಿಯಿದ್ದರೆ ಡಾಕ್ಟರ್ ಒಪ್ಪಬಹುದು. ಆ ನಡುವೆ ಬಾಯಿಯನ್ನು ಬೆರಳಿನಿಂದ ಸಡಿಲಿಸುವ ‘ಸ್ವೀಪಿಂಗ್’ ಮಾಡಿಸಿದರೆ ಕೆಲವರಿಗೆ ತಾನಾಗೇ ನೋವು ಬರುತ್ತದೆ. ಅದು ಸ್ವಲ್ಪ ನೋಯುತ್ತದೆ, ಒಂದೆರಡು ಹನಿ ರಕ್ತ ಕಾಣಬಹುದು. ಆದರೆ ಇನ್ಸುಲಿನ್ ಮೇಲಿರುವವರನ್ನು 40 ವಾರ ದಾಟಿಸಲು ನಾನಂತೂ ಒಪ್ಪುವುದಿಲ್ಲ. ಹರಳೆಣ್ಣೆ ಬೇಡವೇ ಬೇಡ. ಭೇದಿ, ವಾಂತಿ ಆಗಿ ಸುಸ್ತಾಗುತ್ತೀರಿ, ಸಕ್ಕರೆಯೂ ಏರುಪೇರಾಗುತ್ತದೆ. ಇನ್ನು ನಕ್ಷತ್ರ ನೋಡಿ ಇಷ್ಟು ಗಂಟೆಗೆ ಮಗು ಬರಲಿ ಎಂಬ ಬೇಡಿಕೆ ಮನೆಯಲ್ಲಿದ್ದರೆ ಈಗಲೇ ಬಿಡಿಸಿ. ನೋವು ಬರಿಸುವುದರಲ್ಲಿ ಗಳಿಗೆ ಹಿಡಿಯಲು ಆಗುವುದಿಲ್ಲ. ಹಿಡಿಯಲು ಹೋದರೆ ಡ್ರಿಪ್ ಅವಸರದಲ್ಲಿ ಏರುತ್ತದೆ.

ನೇರವಾಗಿ ಸಿಸೇರಿಯನ್ ಮಾಡಿಸಿಕೊಳ್ಳಲಾ ಎಂದು ಕೇಳಿದ್ದೀರಿ. ಕೇಳುವ ಹಕ್ಕು ನಿಮಗಿದೆ. ನನ್ನ ಅಭಿಪ್ರಾಯ ಕೇಳಿದರೆ, 3.1 ಕೆಜಿ ಮಗುವಿಗೆ, ಬೇರೆ ತೊಂದರೆ ಇಲ್ಲದಾಗ, ಮೊದಲು ನೋವು ಬರಿಸಿ ನೋಡುವುದೇ ಮೇಲು. ಸ್ಕ್ಯಾನಿಂಗ್ ತೂಕ ಶೇ 10–15ರಷ್ಟು ಆಚೀಚೆ ಇರಬಹುದು, ಆದರೂ ಸಕ್ಕರೆ ಇರುವವರಲ್ಲಿ ತೂಕದ ಕಾರಣಕ್ಕೇ ಸಿಸೇರಿಯನ್ ಮಾತು ಬರುವುದು 4.5 ಕೆಜಿ ಆಸುಪಾಸಿಗೆ. ಸಿಸೇರಿಯನ್‌ನಲ್ಲಿ ಅಂದಿನ ನೋವು ತಪ್ಪುತ್ತದೆ, ಆಮೇಲಿನ ವಾರಗಳದ್ದು ತಪ್ಪುವುದಿಲ್ಲ. ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವುದು, ಈ ಅಪಾಯಗಳು ಚಿಕ್ಕವಾದರೂ ಇವೆ. ನೋವು ಬರಿಸಿದ ನಂತರ ಸಿಸೇರಿಯನ್ ಆಗಲೂಬಹುದು. ಆದರೆ ಅದು ನಿಮ್ಮ ಸೋಲಲ್ಲ. ನೀವು ಹೆದರಿದ್ದರಿಂದಲೇ ಬಾಯಿ ತೆರೆಯಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಷ್ಟೆಲ್ಲಾ ತಿಳಿದ ಮೇಲೂ, ಭಯದಿಂದ ಊಟ ಸೇರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ, ರಾತ್ರಿಯಿಡೀ ಎಚ್ಚರ ಎಂದರೆ ಅದನ್ನೂ ಕಾಯಿಲೆಯಂತೆ ನೋಡಬೇಕು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೆಂದೇ ಮಾನಸಿಕ ಚಿಕಿತ್ಸಾ ವಿಭಾಗ ಇದೆ. ಅಂಥ ಭಯದಲ್ಲಿ ಸಿಸೇರಿಯನ್ ಬೇಕೆನ್ನುವವರ ಮಾತನ್ನೂ ಡಾಕ್ಟರ್ ಕುಳಿತು ಕೇಳಬೇಕು.

ಮಂಗಳವಾರದವರೆಗೆ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಓಪಿಡಿ ಮುಗಿಯುವ ಹೊತ್ತಿಗೆ ಹತ್ತು ನಿಮಿಷ ಸಮಯ ಕೇಳಿ ಡಾಕ್ಟರನ್ನು ಮತ್ತೆ ಕಾಣಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಗಂಡನನ್ನೂ ಕೂರಿಸಿಕೊಳ್ಳಿ. ಯಾವ ವಿಧಾನದಿಂದ ಶುರು, ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ, ಹಿಂದಿನ ರಾತ್ರಿ ಇನ್ಸುಲಿನ್ ಎಷ್ಟು ತಗೊಳ್ಳಲಿ, ಊಟ ಮಾಡಿ ಬರಲಾ. ಮಗು ಹುಟ್ಟಿದ ಮೇಲೆ ಹಿಮ್ಮಡಿ ಚುಚ್ಚಿ ಅದರ ಸಕ್ಕರೆ ನೋಡುತ್ತಾರೆ, ಸಕ್ಕರೆ ಇರುವ ತಾಯಂದಿರ ಎಲ್ಲಾ ಮಕ್ಕಳಿಗೂ ಮಾಡುವುದೇ ಅದು. ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಿದರೆ ಮಗುವಿನ ಸಕ್ಕರೆ ಇಳಿಯುವುದನ್ನು ಬಹುಮಟ್ಟಿಗೆ ತಡೆಯಬಹುದು. ಹಾಗಾಗಿ ಮಗುವನ್ನು ಬೇಗ ಎದೆಗೆ ಕೊಡಿ ಎಂದೂ ಈಗಲೇ ಹೇಳಿಡಿ.

ತಾರೀಖು ಮಂಗಳವಾರ ಎಂದು ಅಲ್ಲಿವರೆಗೆ ಕಾಯಲೇಬೇಕು ಎಂದುಕೊಳ್ಳಬೇಡಿ. ಮಗುವಿನ ಮಿಸುಕಾಟ ಕಡಿಮೆ ಎನಿಸಿದರೆ, ನೀರು ಹೋದರೆ, ರಕ್ತ ಕಂಡರೆ, ಜೋರು ತಲೆನೋವು ಬಂದು ಕಣ್ಣು ಮಂಜಾದರೆ, ಹಗಲಿರಲಿ ರಾತ್ರಿಯಿರಲಿ, ಅಮಾವಾಸ್ಯೆಯಿರಲಿ, ಹೊರಟುಬಿಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.